ದೆವ್ವ ಯಾರ ಪರ ನಿಂತಿದೆ? ಅತಿಮಾನುಷದ ನೆರಳುಳ್ಳ ಪತ್ತೇದಾರಿ ಕಾದಂಬರಿಯನ್ನು ಆರಿಸುವ ಬಗೆ

ಅಡಿಕೆ ಕೊಯ್ಲು ಶುರುವಾಯಿತೆಂದರೆ ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಅಂಗಳದಲ್ಲಿ ರಾತ್ರಿ ಹತ್ತು ಗಂಟೆಯವರೆಗೂ ಸುಲಿಯುವ ಕೆಲಸ ನಡೆಯುತ್ತದೆ. ಚಪ್ಪರದ ಕೆಳಗೆ ಹತ್ತು ಹನ್ನೆರಡು ಮಂದಿ ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತಾರೆ. ಕೈ ತನ್ನಷ್ಟಕ್ಕೆ ಸುಲಿಯುತ್ತಿರುತ್ತದೆ, ಕಿವಿಗೆ ಕೆಲಸವಿರುವುದಿಲ್ಲ. ಹಾಗಾಗಿ ಯಾರಾದರೊಬ್ಬರು ಕಾದಂಬರಿಯನ್ನು ಗಟ್ಟಿಯಾಗಿ ಓದುವುದು ನಮ್ಮಲ್ಲಿ ಹಲವು ವರ್ಷಗಳ ರೂಢಿ, ಓದುವ ಪಾಳಿ ಹೆಚ್ಚಾಗಿ ನನ್ನದೇ. ಒಂದು ವರ್ಷ ಕೊಲೆ ಮತ್ತು ದೆವ್ವ ಎರಡೂ ಇರುವ ಕಾದಂಬರಿಯೊಂದನ್ನು ಆರಿಸಿದ್ದೆ. ಹದಿನೈದು ರಾತ್ರಿ ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು. ಕೊನೆಯ ಅಧ್ಯಾಯದಲ್ಲಿ ಸತ್ತ ಹೆಂಗಸು ಇನ್‌ಸ್ಪೆಕ್ಟರ ಕನಸಿನಲ್ಲಿ ಬಂದು ಕೊಲೆಗಾರನ ಹೆಸರು ಹೇಳಿದಳು, ಕಥೆ ಮುಗಿಯಿತು. ನಮ್ಮ ದೊಡ್ಡಮ್ಮ ಕೈಯಲ್ಲಿದ್ದ ಅಡಿಕೆಯನ್ನು ಬುಟ್ಟಿಗೆ ಹಾಕಿ, "ಅಷ್ಟೆಲ್ಲ ಗೊತ್ತಿದ್ದ ದೆವ್ವ ಮೊದಲ್ನೇ ದಿವ್ಸನೇ ಹೇಳಿದ್ರೆ ಆಗ್ತಿರ್ಲಿಲ್ವ ಮಾರಾಯ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ, ಆ ಕಾದಂಬರಿಯ ಬಳಿಯೂ ಇರಲಿಲ್ಲ.

ಅಂದಿನಿಂದ ಇಂತಹ ಕಾದಂಬರಿಯನ್ನು ಕೈಗೆತ್ತಿಕೊಂಡಾಗಲೆಲ್ಲ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರಲ್ಲಿರುವ ಅತಿಮಾನುಷ ಶಕ್ತಿ ಯಾರ ಪರ ನಿಂತಿದೆ, ಮತ್ತು ಅದಕ್ಕೊಂದು ಕಟ್ಟು ಇದೆಯೇ? ಕಟ್ಟು ಎನ್ನುವ ಮಾತನ್ನು ನಮ್ಮ ಕಡೆ ಭೂತ, ಚೌಡಿಯಂತಹ ಊರ ದೈವಗಳ ವಿಷಯದಲ್ಲಿ ಆಡುವ ಅರ್ಥದಲ್ಲಿಯೇ ಬಳಸುತ್ತಿದ್ದೇನೆ. ಇಷ್ಟರವರೆಗೆ ಬರಬಹುದು, ಇದಕ್ಕಿಂತ ಈಚೆಗೆ ಬರಬಾರದು ಎನ್ನುವ ಗೆರೆ ಅದು. "ಕೊಲೆಯ ಪತ್ತೆಯೂ ಇರಬೇಕು, ಮೈ ಜುಂ ಎನ್ನಿಸುವಂತೆಯೂ ಇರಬೇಕು, ಯಾವುದನ್ನು ಓದಲಿ?" ಎಂದು ಕೇಳುವವರಿಗೆ ಪುಸ್ತಕದ ಹೆಸರು ಹೇಳುವುದಕ್ಕಿಂತ ಬಗೆಯನ್ನು ತಿಳಿಸುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅನುಭವ. ತನಗೆ ಬೇಕಾದ ಬಗೆ ಯಾವುದೆಂದು ತಿಳಿದವರು ಅಂಗಡಿಯಲ್ಲಿ ನಿಂತು ಹತ್ತು ನಿಮಿಷದಲ್ಲಿ ಪುಸ್ತಕವನ್ನು ತಾವೇ ಆರಿಸಬಲ್ಲರು.

ಪತ್ತೇದಾರಿ ಕಥೆಗೂ ದೆವ್ವಕ್ಕೂ ಮೂಲದಲ್ಲಿಯೇ ಜಗಳವಿದೆ. ಓದುಗನಿಗೂ ಪತ್ತೇದಾರನಿಗೂ ಒಂದೇ ಸುಳಿವುಗಳು ಸಿಗಬೇಕು, ಉತ್ತರ ಆ ಸುಳಿವುಗಳಿಂದಲೇ ಹುಟ್ಟಬೇಕು ಎನ್ನುವುದು ಪತ್ತೇದಾರಿ ಕಥೆಯ ಒಪ್ಪಂದ. ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾವೂ ಪತ್ತೇದಾರಿ ಕಥೆ ಬರೆಯುತ್ತಿದ್ದವರು, 1929ರಲ್ಲಿ ಇಂತಹ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಬರೆದಿಟ್ಟಾಗ ಎರಡನೆಯ ಕಟ್ಟಳೆಯಾಗಿ ಅತಿಮಾನುಷ ಶಕ್ತಿಗಳನ್ನು ಪೂರ್ತಿಯಾಗಿ ಹೊರಗಿಟ್ಟರು. ಆದರೆ ಕನ್ನಡದ ಕಥನ ಪರಂಪರೆ ಇಷ್ಟು ಬಿಗಿಯಾಗಿರಲಿಲ್ಲ. ಹಳಗನ್ನಡದ ಗದ್ಯಕೃತಿ ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯಲ್ಲಿ ಕಳ್ಳನು ಹಗಲೆಲ್ಲ ಕುಷ್ಠರೋಗಿಯ ರೂಪದಲ್ಲಿದ್ದು ಇರುಳಾದರೆ ಚೆಲುವನಾಗಿ ತಿರುಗುತ್ತಾನೆ, ಅರಸನ ಹಾರ ಕಳುವಾಗುತ್ತದೆ, ತಳಾರನಾದ, ಅಂದರೆ ಊರ ಕಾವಲಿನ ಅಧಿಕಾರಿಯಾದ ಯಮದಂಡನಿಗೆ ಕಳ್ಳನನ್ನು ಹಿಡಿದು ತರಲು ಗಡುವು ಬೀಳುತ್ತದೆ. ಕಳವು, ತನಿಖೆ, ರೂಪ ಬದಲಿಸುವ ಶಕ್ತಿ, ಎಷ್ಟು ದಂಡಿಸಿದರೂ ಬಾಯಿಬಿಡದ ಆರೋಪಿ ಎಲ್ಲವೂ ಅಲ್ಲಿ ಒಂದೇ ಕಥೆಯೊಳಗಿವೆ. ಆದ್ದರಿಂದ ಈ ಬೆರಕೆಯನ್ನು ಹೊರಗಿನಿಂದ ಬಂದ ಹೊಸ ಚಾಳಿ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ಬೆರಕೆ ಹದವಾಗಿದೆ, ಯಾವುದು ಕೆಟ್ಟಿದೆ ಎನ್ನುವುದನ್ನಷ್ಟೇ ನೋಡಬೇಕು.

ಮೊದಲನೆಯ ಬಗೆಯಲ್ಲಿ ದೆವ್ವ ಯಾರ ಪರವೂ ಇರುವುದಿಲ್ಲ, ಏಕೆಂದರೆ ದೆವ್ವವೇ ಇರುವುದಿಲ್ಲ. ಊರಿನವರ ಭಯವನ್ನು ಒಬ್ಬ ಮನುಷ್ಯ ಮುಖವಾಡವಾಗಿ ತೊಟ್ಟಿರುತ್ತಾನೆ. ಇದಕ್ಕೆ ಎಲ್ಲರೂ ಒಪ್ಪುವ ಮಾದರಿ 1902ರಲ್ಲಿ ಪುಸ್ತಕವಾಗಿ ಬಂದ, ಬಾಸ್ಕರ್‌ವಿಲ್ ಮನೆತನದ ಬೇಟೆನಾಯಿಯನ್ನು ಕುರಿತ ಷೆರ್ಲಾಕ್ ಹೋಮ್ಸನ ಕಥೆ. ಮನೆತನಕ್ಕೆ ತಟ್ಟಿದ ಶಾಪ, ಮಂಜು ಕವಿದ ಬಯಲು, ಬಾಯಿಂದ ಬೆಂಕಿಯುಗುಳುವ ನಾಯಿ ಎಂಬ ದಂತಕಥೆ, ಕೊನೆಯಲ್ಲಿ ನೋಡಿದರೆ ರಂಜಕ ಬಳಿದ ನಿಜವಾದ ನಾಯಿ ಮತ್ತು ಆಸ್ತಿಯ ಆಸೆ. ಈ ಬಗೆಗೆ ಮಲೆನಾಡಿನಷ್ಟು ಒಗ್ಗುವ ನೆಲ ಇನ್ನೊಂದಿಲ್ಲವೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಇಲ್ಲಿ ಪ್ರಕೃತಿಯೇ ಅರ್ಧ ಮುಖವಾಡವನ್ನು ಹೊಲಿದುಕೊಟ್ಟಿರುತ್ತದೆ. ಜಡಿಮಳೆಯ ದಿನಗಳಲ್ಲಿ ಪಶ್ಚಿಮಘಟ್ಟದ ಕಾಡಿನಲ್ಲಿ ಕೊಳೆತ ದಿಮ್ಮಿಗಳ ಮೇಲೆ ಹಸಿರು ಬೆಳಕು ಸೂಸುವ ಶಿಲೀಂಧ್ರಗಳು ಬೆಳೆಯುತ್ತವೆ. ಟಾರ್ಚು ಆರಿಸಿ ನಿಂತವನಿಗೆ ಮಾತ್ರ ಕಾಣುವ ಆ ಮಂಕು ಬೆಳಕನ್ನು ಮೊದಲ ಸಲ ನೋಡಿದವರು ಕೊಳ್ಳಿದೆವ್ವ ಎಂದುಕೊಂಡರೆ ಆಶ್ಚರ್ಯವಿಲ್ಲ. ಕೆಲವು ಜಾತಿಯ ಗೂಬೆಗಳ ಕೂಗು ಹೆಂಗಸಿನ ಚೀರಾಟದಂತೆಯೇ ಇರುತ್ತದೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂತಹ ಕಡೆ ಹೆಜ್ಜೆಗುರುತು ಅರ್ಧ ಗಂಟೆಯೂ ಉಳಿಯುವುದಿಲ್ಲ. ರಾತ್ರಿ ಕಾಲುಸಂಕ ದಾಟುವಾಗ ಒಬ್ಬ ಹಳ್ಳಕ್ಕೆ ಬಿದ್ದನೆಂದರೆ ಅವನು ಜಾರಿದನೋ, ಯಾರಾದರೂ ನೂಕಿದರೋ, ಚೌಡಿ ಹೊಡೆದಳೋ ಎಂದು ಮೂರು ಮಾತು ಹುಟ್ಟುವುದಕ್ಕೆ ಅಷ್ಟು ಸಾಕು.

ಈ ಬಗೆಯ ಒಳ್ಳೆಯ ಕಾದಂಬರಿಗೂ ಸಾಧಾರಣ ಕಾದಂಬರಿಗೂ ಇರುವ ವ್ಯತ್ಯಾಸ ಮುಖವಾಡ ಕಳಚುವ ರೀತಿಯಲ್ಲಿದೆ. ಸಾಧಾರಣ ಕಾದಂಬರಿಯಲ್ಲಿ ಪತ್ತೇದಾರ ಕೊನೆಯ ಹದಿನೈದು ಪುಟಗಳಲ್ಲಿ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಪಾಠ ಹೇಳುತ್ತಾನೆ, ನಂಬಿದವರೆಲ್ಲ ಮೂಢರಾಗುತ್ತಾರೆ. ಇದು ನನಗೆ ಬೇಸರ ತರಿಸುತ್ತದೆ. ಚೌಡಿಯ ಬನದಲ್ಲಿ ಚಪ್ಪಲಿ ಬಿಟ್ಟು ನಡೆಯುವ, ಅಲ್ಲಿನ ಒಣಗಿದ ಕಡ್ಡಿಯನ್ನೂ ಮುರಿಯದ ನಮ್ಮ ಜನರಿಗೆ ಆ ನಡವಳಿಕೆಯ ಹಿಂದೆ ಭಯ ಮಾತ್ರವಲ್ಲ, ತಲೆಮಾರುಗಳಿಂದ ಬಂದ ಮರ್ಯಾದೆಯೂ ಇದೆ. ಒಳ್ಳೆಯ ಕಾದಂಬರಿ ನಂಬಿಕೆಯನ್ನೂ ಅದನ್ನು ದುರುಪಯೋಗ ಮಾಡಿದವನನ್ನೂ ಬೇರೆಬೇರೆಯಾಗಿ ಇಟ್ಟು ನೋಡುತ್ತದೆ. ನಮ್ಮ ರಾಜ್ಯದ ಕಾನೂನು ಕೂಡ ಹೆಚ್ಚುಕಡಿಮೆ ಹಾಗೆಯೇ ನೋಡುತ್ತದೆ. ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯಲು 2017ರಲ್ಲಿ ಮಾಡಿ 2020ರಲ್ಲಿ ಜಾರಿಗೆ ತಂದ ಕಾಯ್ದೆಯು ನಿಧಿಯ ಆಸೆಗೆ ನಡೆಸುವ ಅಮಾನುಷ ಕೃತ್ಯಗಳನ್ನು, ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದನ್ನು ಅಪರಾಧವೆಂದು ಎಣಿಸುತ್ತದೆ. ದೇವರಿಗೆ ನಡೆದುಕೊಳ್ಳುವುದನ್ನು ಅಪರಾಧವೆನ್ನುವುದಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ಕೆಳದಿ ಅರಸರ ಹೊನ್ನು ಎಲ್ಲಿ ಹೂತಿದೆ ಎಂಬ ಮಾತು ಇಂದಿಗೂ ನಗರ (ಬಿದನೂರಿನ ಈಗಿನ ಹೆಸರು), ಕವಲೇದುರ್ಗದ ಸುತ್ತ ಸತ್ತಿಲ್ಲ. ಪಾಳುಬಿದ್ದ ಗುಡಿಯ ನಂದಿಯನ್ನು ಅಗೆದು ಉರುಳಿಸುವ ನಿಧಿಗಳ್ಳರು ಕಾದಂಬರಿಕಾರನ ಕಲ್ಪನೆಯಲ್ಲ. ನಿಧಿ, ಅದಕ್ಕೆ ಕಾವಲಿರುವ ಸರ್ಪ, ಆ ಕಾವಲಿನ ಕಥೆಯನ್ನು ಹಬ್ಬಿಸಿ ಜನರನ್ನು ದೂರವಿಟ್ಟು ರಾತ್ರಿ ಅಗೆಯುವ ತಂಡ ಎಂದರೆ ಮೊದಲನೆಯ ಬಗೆಗೆ ಇದಕ್ಕಿಂತ ಗಟ್ಟಿಯಾದ ಹೂರಣ ಬೇಕಿಲ್ಲ.

ಒಗಟು ಬಿಡಿಸುವ ಸಂತೋಷಕ್ಕಾಗಿ ಓದುವವರು, ಮೊದಲ ಸಲ ಪತ್ತೇದಾರಿ ಕಾದಂಬರಿ ಹಿಡಿಯುವ ಹೈಸ್ಕೂಲು ಮಕ್ಕಳು, ರಾತ್ರಿ ಒಂಟಿಮನೆಯಲ್ಲಿ ಓದಿ ನಿದ್ದೆ ಕೆಡಿಸಿಕೊಳ್ಳಲು ಮನಸ್ಸಿಲ್ಲದವರು ಈ ಬಗೆಯನ್ನೇ ಆರಿಸಬೇಕು.

ಎರಡನೆಯ ಬಗೆಯಲ್ಲಿ ಅತಿಮಾನುಷ ಶಕ್ತಿ ಅಪರಾಧಿಯ ಪರ ಇರುತ್ತದೆ. ಮಾಟ ನಿಜವಾಗಿಯೂ ತಟ್ಟುತ್ತದೆ, ಕೊಂದವನಿಗೆ ಕೊಲ್ಲಲು ಕೈ ಬೇಕಿರುವುದಿಲ್ಲ. ಅಂಗಡಿಯಲ್ಲಿ ಹೆಚ್ಚು ಕಣ್ಣಿಗೆ ಬೀಳುವ, ರಕ್ಷಾಪುಟದಲ್ಲಿ ತಲೆಬುರುಡೆ ನಿಂಬೆಹಣ್ಣುಗಳಿರುವ ಪುಸ್ತಕಗಳು ಬಹಳಷ್ಟು ಈ ಬಗೆಯವು, ಮತ್ತು ಇವುಗಳಲ್ಲಿಯೇ ನಿರಾಶೆ ಹೆಚ್ಚು. ಮಾಂತ್ರಿಕನು ಏನನ್ನು ಬೇಕಾದರೂ ಮಾಡಬಲ್ಲನಾದರೆ ಪತ್ತೇದಾರನು ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಕೊನೆಗೆ ಇನ್ನೊಬ್ಬ ದೊಡ್ಡ ಮಾಂತ್ರಿಕ ಬಂದು ಕಥೆ ಮುಗಿಸುತ್ತಾನೆ, ಪೊಲೀಸರು ಹಾರ ಹಿಡಿದು ನಿಲ್ಲುತ್ತಾರೆ. ಯಮದಂಡನ ಕಥೆ ಗೆಲ್ಲುವುದು ಇಲ್ಲಿಯೇ: ಕಳ್ಳನ ಬಳಿ ಶಕ್ತಿಯಿದ್ದರೂ ತಳಾರನು ಅವನ ಮನಸ್ಸನ್ನು ಬಲ್ಲವನು, ಚಿಕ್ಕಂದಿನಲ್ಲಿ ಅವನ ಜೊತೆಗೆ ಕಲಿತವನು, ಹಾಗಾಗಿ ಹಿಡಿಯುವ ದಾರಿ ಮನುಷ್ಯನ ತಿಳಿವಳಿಕೆಯಿಂದ ಬರುತ್ತದೆ. ಈ ಬಗೆಯನ್ನು ಆರಿಸುವುದಾದರೆ ಮೊದಲ ಐವತ್ತು ಪುಟಗಳೊಳಗೆ ಆ ಶಕ್ತಿಗೆ ಏನು ಸಾಧ್ಯ, ಏನು ಅಸಾಧ್ಯ ಎನ್ನುವುದನ್ನು ಲೇಖಕರು ಹೇಳಿದ್ದಾರೆಯೇ ಎಂದು ನೋಡಿ. ಹೇಳಿಲ್ಲವಾದರೆ ಮುಂದೆ ಹೇಳುವುದೂ ಇಲ್ಲ.

ಮೂರನೆಯ ಬಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ದೊಡ್ಡಮ್ಮನ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಇದರಲ್ಲಿ ಅತಿಮಾನುಷವು ಸತ್ತವರ ಪರ, ನ್ಯಾಯದ ಪರ ನಿಲ್ಲುತ್ತದೆ. ಕೊಲೆಯಾದವಳ ಆತ್ಮ ಮಾತನಾಡುತ್ತದೆ, ಪಾತ್ರಿಯ ಮೈಮೇಲೆ ದರ್ಶನ ಬಂದು ಗುಟ್ಟು ಹೊರಬೀಳುತ್ತದೆ, ಅಂಜನದಲ್ಲಿ ಕಳ್ಳನ ಮುಖ ಕಾಣುತ್ತದೆ. ನಮ್ಮ ಬದುಕಿಗೆ ಅತ್ಯಂತ ಹತ್ತಿರವಿರುವುದು ಈ ಬಗೆಯೇ. ಮಲೆನಾಡಿನಲ್ಲಿ ಯಾವ ರಸ್ತೆಯಲ್ಲಿ ಹೋದರೂ ತೋಟದ ಬೇಲಿಗೆ, ಉಣಗೋಲಿನ ಪಕ್ಕಕ್ಕೆ ತಂತಿಯಲ್ಲಿ ಬಿಗಿದ ಸಣ್ಣ ತಗಡಿನ ಫಲಕ ಕಾಣುತ್ತದೆ: ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ. ಬಿಸಿಲಿಗೆ ಬಣ್ಣ ಹೋಗಿ, ಮಳೆಗೆ ಅಂಚು ತುಕ್ಕು ಹಿಡಿದು, ಅಕ್ಷರ ಅರ್ಧ ಅಳಿಸಿದ್ದರೂ ಆ ಫಲಕ ತನ್ನ ಕೆಲಸ ಮಾಡುತ್ತಿರುತ್ತದೆ. ಒಣಹಾಕಿದ ಅಡಿಕೆಯನ್ನು ಕದ್ದವನು ಪೊಲೀಸರಿಗಿಂತ ಆ ಸಾಲಿಗೆ ಹೆಚ್ಚು ಅಳುಕುತ್ತಾನೆಂಬ ನಂಬಿಕೆ ಶರಾವತಿಯ ಹಿನ್ನೀರಿನ ಆಚೆಗೂ ಈಚೆಗೂ ಗಟ್ಟಿಯಾಗಿದೆ. ದೇವಿಯ ಕಾವಲಿಗೆ ಒಳಪಟ್ಟ ತೋಟದಲ್ಲಿಯೇ ಒಂದು ಹೆಣ ಬಿದ್ದರೆ ಊರು ಏನನ್ನುತ್ತದೆ, ತನಿಖಾಧಿಕಾರಿ ಏನು ಮಾಡುತ್ತಾರೆ ಎಂದು ಯೋಚಿಸಿ ನೋಡಿ. ಕಾದಂಬರಿ ಅಲ್ಲಿಂದಲೇ ಶುರುವಾಗುತ್ತದೆ.

ಆದರೆ ಈ ಬಗೆಯಲ್ಲಿ ಲೇಖಕರು ಎಡವುವುದೂ ಸುಲಭ. ಕಾನೂನಿನ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದನ್ನು ಗುರುತಿಸಬಹುದು. 1872ರ ಸಾಕ್ಷ್ಯ ಅಧಿನಿಯಮದ 32ನೆಯ ಕಲಮಿನಲ್ಲಿದ್ದ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೆಯ ಕಲಮಿಗೆ ಬಂದಿರುವ ನಿಯಮದಂತೆ, ತನ್ನ ಸಾವಿನ ಕಾರಣದ ಬಗ್ಗೆ ಒಬ್ಬ ವ್ಯಕ್ತಿ ಸಾಯುವ ಮೊದಲು ಹೇಳಿದ ಮಾತು ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತದೆ. ಸತ್ತ ಮೇಲೆ ಇನ್ನೊಬ್ಬರ ಬಾಯಿಂದ ಬಂದ ಮಾತು ಆಗುವುದಿಲ್ಲ. ಈ ಎರಡರ ನಡುವಿನ ಕಂದಕದಲ್ಲಿಯೇ ಮೂರನೆಯ ಬಗೆಯ ಕಾದಂಬರಿ ಬದುಕಬೇಕು. ಆತ್ಮ ಹೇಳಿದ್ದು ನಿಜವೆಂದು ತನಿಖಾಧಿಕಾರಿಗೆ ಮನಸ್ಸಿನಲ್ಲಿ ಗೊತ್ತು, ಆದರೆ ಅದನ್ನು ಕಡತದಲ್ಲಿ ಬರೆಯುವಂತಿಲ್ಲ, ಪಂಚರ ಮುಂದೆ ಮಹಜರು ಮಾಡಿ ತೋರಿಸಬಲ್ಲ ವಸ್ತುವೊಂದನ್ನು ಅವರು ತಾವೇ ಹುಡುಕಬೇಕು. ಅಂತಹ ಕಾದಂಬರಿಯಲ್ಲಿ ದೆವ್ವ ಬಾಗಿಲು ತೋರಿಸುತ್ತದೆ, ಬೀಗ ತೆಗೆಯುವುದು ಮನುಷ್ಯ. ಬೀಗವನ್ನೂ ದೆವ್ವವೇ ತೆಗೆದರೆ ಅದು ಪವಾಡದ ಕಥೆ. ಪವಾಡದ ಕಥೆಗೆ ಅದರದೇ ಆದ ಓದುಗರಿದ್ದಾರೆ, ಆದರೆ ಅದನ್ನು ಪತ್ತೇದಾರಿ ಎಂದು ಮಾರಬಾರದು.

ಇನ್ನೊಂದು ಸೂಕ್ಷ್ಮವಿದೆ. ಸತ್ತವರು ಸುಳ್ಳು ಹೇಳುವುದಿಲ್ಲವೆಂದು ಬಹಳಷ್ಟು ಕಾದಂಬರಿಗಳು ಹೇಳದೆಯೇ ಒಪ್ಪಿಕೊಂಡುಬಿಡುತ್ತವೆ. ಜಪಾನಿನ ಅಕುತಾಗವ 1922ರಲ್ಲಿ ಬರೆದ ಒಂದು ಸಣ್ಣ ಕಥೆಯಲ್ಲಿ ಬಿದಿರ ಮೆಳೆಯ ನಡುವೆ ಸತ್ತುಬಿದ್ದ ಮನುಷ್ಯನೇ ಮೈದುಂಬುವವಳೊಬ್ಬಳ ಬಾಯಿಂದ ಸಾಕ್ಷ್ಯ ನುಡಿಯುತ್ತಾನೆ, ಆದರೂ ಅವನ ಹೆಂಡತಿಯ ಮಾತಿಗೂ ದರೋಡೆಕೋರನ ಮಾತಿಗೂ ಅವನ ಮಾತಿಗೂ ತಾಳೆಯಾಗುವುದಿಲ್ಲ. ಸತ್ತವನಿಗೂ ಕಾಪಾಡಿಕೊಳ್ಳಬೇಕಾದ ಮಾನವೊಂದಿರುತ್ತದೆ ಎಂಬ ಆ ತಿಳಿವು, ನೂರು ವರ್ಷ ಕಳೆದ ಮೇಲೂ ನಮ್ಮ ಅನೇಕ ಕಾದಂಬರಿಗಳಿಗೆ ದಕ್ಕಿಲ್ಲ. ಆತ್ಮವೂ ಒಬ್ಬ ಸಾಕ್ಷಿಯೇ ಆಗಿರಬೇಕು: ಅದು ನೋಡಿದ್ದಷ್ಟೇ ಅದಕ್ಕೆ ಗೊತ್ತಿರಬೇಕು, ಹಿಂದಿನಿಂದ ಹೊಡೆದವನ ಮುಖ ಅದಕ್ಕೆ ಕಂಡಿರಬಾರದು. ದೊಡ್ಡಮ್ಮ ಕೇಳಿದ ಪ್ರಶ್ನೆಗೆ ಆ ಕಾದಂಬರಿಯಲ್ಲಿ ಇಷ್ಟು ಉತ್ತರವಿದ್ದಿದ್ದರೂ ಸಾಕಿತ್ತು.

ನಾಲ್ಕನೆಯ ಬಗೆಯಲ್ಲಿ ದೆವ್ವ ಇದೆಯೋ ಇಲ್ಲವೋ ಎನ್ನುವುದು ಕೊನೆಯ ಪುಟದವರೆಗೂ ತೀರ್ಮಾನವಾಗುವುದಿಲ್ಲ. ತ್ಸ್ವೆತಾನ್ ತೊದೊರೊವ್ ಎಂಬ ವಿಮರ್ಶಕ 1970ರಲ್ಲಿ ಇಂತಹ ಕಥನವನ್ನು ಕುರಿತು ಒಂದು ಪುಸ್ತಕವನ್ನೇ ಬರೆದು, ಓದುಗನ ಅನುಮಾನ ಎಲ್ಲಿಯವರೆಗೆ ಉಳಿಯುತ್ತದೆಯೋ ಅಲ್ಲಿಯವರೆಗೆ ಮಾತ್ರ ಆ ಲೋಕ ಜೀವಂತವಾಗಿರುತ್ತದೆ ಎಂದು ವಾದಿಸಿದರು. ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಬಗೆ ಇದು, ಬರೆಯಲು ಎಲ್ಲಕ್ಕಿಂತ ಕಷ್ಟವಾದದ್ದೂ ಇದೇ. ಆದರೆ ಅನುಮಾನ ಉಳಿಯಬೇಕಾದದ್ದು ದೆವ್ವದ ವಿಷಯದಲ್ಲಿಯೇ ಹೊರತು ಕೊಲೆಗಾರನ ವಿಷಯದಲ್ಲಲ್ಲ. ಯಾರು ಕೊಂದರು, ಹೇಗೆ ಕೊಂದರು ಎನ್ನುವುದು ಮನುಷ್ಯರಿಗೆ ದಕ್ಕುವ ಪುರಾವೆಯಿಂದ ಖಚಿತವಾಗಬೇಕು. ಅದೆಲ್ಲ ಬಗೆಹರಿದ ಮೇಲೆಯೂ ಒಂದೇ ಒಂದು ಸಂಗತಿ, ಮುಚ್ಚಿದ್ದ ದೇವರಕೋಣೆಯಲ್ಲಿ ಹಚ್ಚಿದ್ದ ದೀಪವೋ, ಯಾರೂ ಹೋಗದ ಬನದಲ್ಲಿ ಒದ್ದೆಯಾಗದೆ ಉಳಿದ ಹೂವೋ, ಯಾವ ವಿವರಣೆಗೂ ಸಿಗದೆ ಉಳಿದರೆ ಪುಸ್ತಕ ಮುಚ್ಚಿದ ಮೇಲೂ ಅದು ಮನಸ್ಸಿನಲ್ಲಿ ಕೂತಿರುತ್ತದೆ. ಕೊಲೆಗಾರನನ್ನೂ ತೀರ್ಮಾನಿಸದೆ ಕೈಬಿಟ್ಟು ಅದನ್ನೇ ಆಳವೆಂದು ತೋರಿಸುವ ಕಾದಂಬರಿಗಳಿವೆ. ಅವನ್ನು ಕೊಳ್ಳಬೇಡಿ.

ನಮ್ಮ ನೆಲದಲ್ಲಿ ನಡೆಯುವ ಕಥೆಯಾದರೆ ಇನ್ನೂ ಒಂದು ಪರೀಕ್ಷೆ ಮಾಡಬೇಕು. ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆ ಸದ್ದಿನ ಮೋಹಿನಿ ಯಾವ ಊರಿಗೂ ಸೇರಿದವಳಲ್ಲ, ಅವಳನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಆದರೆ ಚೌಡಿಗೆ ಒಂದು ಬನವಿದೆ, ಭೂತಕ್ಕೆ ಒಂದು ಕಲ್ಲಿದೆ, ವರ್ಷಕ್ಕೊಮ್ಮೆ ಸಲ್ಲಬೇಕಾದ ಹರಕೆಯಿದೆ, ಅದನ್ನು ಯಾವ ಮನೆಯವರು ನಡೆಸಬೇಕೆಂಬ ಲೆಕ್ಕವಿದೆ. ಜಮೀನು ಪಾಲಾದಾಗ ಹರಕೆ ಯಾರ ಪಾಲಿಗೆ ಎಂಬ ಪ್ರಶ್ನೆಯಿಂದ ಅಣ್ಣತಮ್ಮಂದಿರಲ್ಲಿ ಮಾತು ನಿಂತುಹೋದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಟ್ಟು ಎಂದು ಆಗ ಹೇಳಿದ್ದು ಇದನ್ನೇ. ಈ ಲೆಕ್ಕವನ್ನು ಬಲ್ಲ ಲೇಖಕರ ಕಾದಂಬರಿಯಲ್ಲಿ ಅತಿಮಾನುಷಕ್ಕೂ ಆಸ್ತಿಗೂ ಅಪರಾಧಕ್ಕೂ ತಾನಾಗಿಯೇ ನಂಟು ಬೆಳೆಯುತ್ತದೆ.

ಕಾಲದ ಲೆಕ್ಕವನ್ನೂ ನೋಡಬೇಕು. ಶರಾವತಿ ಹಿನ್ನೀರಿನ ಆಚೆಯ ಹಳ್ಳಿಯಲ್ಲಿ ಕೊಲೆ, ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಯಾರೂ ದಾಟುವಂತಿಲ್ಲ, ಆದ್ದರಿಂದ ಕೊಲೆಗಾರ ಇಲ್ಲಿಯೇ ಇದ್ದಾನೆ ಎನ್ನುವ ಕಟ್ಟು ಬಹಳ ಸೊಗಸಾದದ್ದು. ಆದರೆ 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ಉದ್ಘಾಟನೆಯಾದ ಮೇಲಿನ ಕಥೆಗೆ ಅದು ಹೊಂದುವುದಿಲ್ಲ. ಹಾಗೆಯೇ 2024ರ ಜುಲೈ 1ರ ನಂತರದ ಕೊಲೆಗೆ ಇನ್‌ಸ್ಪೆಕ್ಟರ್ ಹಳೆಯ ಭಾರತೀಯ ದಂಡ ಸಂಹಿತೆಯ 302ನೆಯ ಕಲಮು ಹಾಕಿದರೆ ತಪ್ಪು, ಅದೀಗ ಭಾರತೀಯ ನ್ಯಾಯ ಸಂಹಿತೆಯ 103ನೆಯ ಕಲಮು. ಹೆಣ ಸಿಕ್ಕ ದಿನ ಠಾಣೆಯಲ್ಲಿ ಮೊದಲು ದಾಖಲಾಗುವುದು ಹೆಚ್ಚಾಗಿ ಅಸಹಜ ಸಾವಿನ ಪ್ರಕರಣ, ಅಂದರೆ ಎಲ್ಲರೂ ಯುಡಿಆರ್ ಎನ್ನುವುದು. ಅದು ಕೊಲೆ ಪ್ರಕರಣವಾಗಿ ಬದಲಾಗುವ ಗಳಿಗೆ ಯಾವುದು, ಯಾವ ಪುರಾವೆಯಿಂದ ಬದಲಾಯಿತು ಎನ್ನುವುದನ್ನು ಬರೆದಿರುವ ಕಾದಂಬರಿಯಲ್ಲಿ ದೆವ್ವದ ಭಾಗವೂ ಸಾಮಾನ್ಯವಾಗಿ ಜೋಪಾನವಾಗಿರುತ್ತದೆ. ಒಂದರಲ್ಲಿ ಶ್ರದ್ಧೆಯಿರುವವರಿಗೆ ಇನ್ನೊಂದರಲ್ಲಿಯೂ ಇರುತ್ತದೆ.

ಅಂಗಡಿಯಲ್ಲಿ ನಿಂತು ಆರಿಸುವಾಗ ಬೆನ್ನುಪುಟದ ಹೊಗಳಿಕೆಯನ್ನು ಬಿಟ್ಟು ಮೊದಲ ಸಾವಿನ ದೃಶ್ಯವನ್ನು ಓದಿ. ಅಲ್ಲಿ "ಇದು ಮನುಷ್ಯರ ಕೆಲಸವಲ್ಲ" ಎಂದು ಹೇಳುವವರು ಯಾರು ಎಂದು ಗಮನಿಸಿ. ಊರಿನ ಒಬ್ಬ ಪಾತ್ರ ಹೇಳಿದರೆ ಅದು ಮೊದಲನೆಯದೋ ನಾಲ್ಕನೆಯದೋ ಆಗಿರಬಹುದು, ನಿರೂಪಕರೇ ಹೇಳಿದರೆ ಎರಡನೆಯದೋ ಮೂರನೆಯದೋ ಆಗಿರಬಹುದು. ಆಮೇಲೆ ನಡುವಿನಿಂದ ನಾಲ್ಕೈದು ಪುಟ ತೆರೆದು ನೋಡಿ: ಪತ್ತೇದಾರ ಏನನ್ನಾದರೂ ಹುಡುಕುತ್ತಿದ್ದಾನೆಯೇ, ಅಥವಾ ಬರೀ ಹೆದರುತ್ತಿದ್ದಾನೆಯೇ? ಕೊನೆಯ ಪುಟಗಳನ್ನು ಮಾತ್ರ ತೆರೆಯಬೇಡಿ.

ಒಬ್ಬರೇ ಓದುವುದಾದರೆ, ಅದೂ ಆಷಾಢದ ಮಳೆಯಲ್ಲಿ ಕರೆಂಟು ಹೋಗಿ ಎರಡು ದಿನವಾಗಿರುವಾಗ, ನಾಲ್ಕನೆಯ ಬಗೆಗೆ ಸಮನಾದದ್ದಿಲ್ಲ. ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಮೂರನೆಯ ಬಗೆಯನ್ನು ಸ್ವಲ್ಪ ಕಾಲ ದೂರವಿಡುವುದು ಒಳ್ಳೆಯದು. ಸತ್ತವರ ಮಾತು ಕೇಳಿಸುವ ಪುಟಗಳನ್ನು ಆಗ ಓದಲಾಗುವುದಿಲ್ಲ. ಪ್ರಯಾಣದಲ್ಲಿ, ಶಿವಮೊಗ್ಗದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವ ಐದಾರು ಗಂಟೆಗಳಿಗೆ ಎರಡನೆಯ ಬಗೆಯೂ ನಡೆಯುತ್ತದೆ. ಹತ್ತು ಜನರ ಮುಂದೆ ಗಟ್ಟಿಯಾಗಿ ಓದುವುದಾದರೆ ಮೊದಲನೆಯದನ್ನೋ ಮೂರನೆಯದನ್ನೋ ತೆಗೆದುಕೊಳ್ಳಿ, ಏಕೆಂದರೆ ಕೇಳುವವರು ಪ್ರತಿ ರಾತ್ರಿ ತಮ್ಮ ಅನುಮಾನವನ್ನು ಒಬ್ಬೊಬ್ಬರ ಮೇಲೆ ಹೊರಿಸುತ್ತ ಹೋಗಲು ಅವುಗಳಲ್ಲಿ ಜಾಗವಿರುತ್ತದೆ. ಅಧ್ಯಾಯಗಳು ಹನ್ನೆರಡು ಪುಟ ಮೀರದಿರಲಿ, ಒಂದು ಬುಟ್ಟಿ ಅಡಿಕೆ ಮುಗಿಯುವ ಹೊತ್ತಿಗೆ ಒಂದು ಅಧ್ಯಾಯ ಮುಗಿಯಬೇಕು. ಈ ಸಲದ ಕೊಯ್ಲಿಗೆ ನಾನು ಮೂರನೆಯ ಬಗೆಯದೊಂದನ್ನು ಎತ್ತಿಟ್ಟಿದ್ದೇನೆ. ಅದರಲ್ಲಿ ಸತ್ತವಳಿಗೆ ತನ್ನನ್ನು ಕೊಂದವನ ಧ್ವನಿ ಮಾತ್ರ ಗೊತ್ತು, ಮುಖ ಗೊತ್ತಿಲ್ಲ. ದೊಡ್ಡಮ್ಮನಿಗೆ ಅಷ್ಟನ್ನು ಮಾತ್ರ ಹೇಳಿದ್ದೇನೆ.